ಕೊಯ್ದ ಹುಲ್ಲು ಯಾರ ಪಾಲು?

ಮಠದ ಅಂಗಳ, ಕಾಲೇಜಿನ ಮೈದಾನ, ಗುಡಿಯ ಸುತ್ತಲಿನ ಬಯಲು, ಹೀಗೆ ನಾಲ್ಕೈದು ಎಕರೆ ಹುಲ್ಲು ಇರುವಲ್ಲೆಲ್ಲ ಈಗ ಒಂದಲ್ಲ ಒಂದು ದಿನ ಆ ಮಾತು ಬಂದೇ ಬರುತ್ತದೆ: ಕೊಯ್ಯಲು ಆಳು ಸಿಗುತ್ತಿಲ್ಲ, ಮೇಲೆ ಕೂತು ಓಡಿಸುವ ಹುಲ್ಲಿನ ಮೆಷಿನ್ ಒಂದು ತಂದುಬಿಡೋಣ. ಅಲ್ಲಿಂದ ಚರ್ಚೆ ಹಾರ್ಸ್‌ಪವರ್, ಬೆಲೆ, ಬಿಡಿಭಾಗ, ಡೀಸೆಲ್ಲೋ ಪೆಟ್ರೋಲೋ ಎಂಬ ಕಡೆ ಹೊರಳುತ್ತದೆ. ಅವೂ ಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕೂ ಮುಂಚೆ ಕೇಳಬೇಕಾದದ್ದು, ಕೊಯ್ದ ಹುಲ್ಲು ಎಲ್ಲಿಗೆ ಹೋಗುತ್ತದೆ ಎಂಬುದು. ಯಾವ ಯಂತ್ರ ಸರಿ ಎಂಬುದು ಅದರ ಮೇಲೇ ನಿಂತಿದೆ; ಅದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಅದು ಧರ್ಮದ ಪ್ರಶ್ನೆ. ಸುರಪುರ ತಾಲ್ಲೂಕಿನ ತಿಂಥಣಿಯಂಥ ಊರನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಇದು ಚೆನ್ನಾಗಿ ಕಾಣುತ್ತದೆ. ಕೃಷ್ಣೆಯ ದಂಡೆ, ಎರೆ ನೆಲ, ಮೇಲ್ಗಡೆ ನಾರಾಯಣಪುರದ ಬಸವಸಾಗರ, ಅದರ ಕಾಲುವೆಯಿಂದ ಸೀಮೆಗೆಲ್ಲ ಹಬ್ಬಿದ ಭತ್ತ. ಊರಲ್ಲಿ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿ, ಭಾರತ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ನೆರೆಯುವ ಜಾತ್ರೆ. ಸೇತುವೆ ದಾಟಿದರೆ ಕಾಗಿನೆಲೆ ಕನಕಗುರುಪೀಠದ ಶಾಖೆ, ಕುರಿ ಕಾಯುವವರ ಹಾಲುಮತದ ನೆಲೆ. ಹುಲ್ಲಿನ ಮೇಲೆ ಹಕ್ಕು ಕೇಳಬಲ್ಲವರೆಲ್ಲ ಇಲ್ಲಿ ಹತ್ತಿರಹತ್ತಿರವೇ ಇದ್ದಾರೆ.

ಹುಲ್ಲು ಕೊಯ್ಯುವುದನ್ನೇ ಧರ್ಮದ ನಡುಮಧ್ಯೆ ತಂದು ನಿಲ್ಲಿಸಿದವನು ನುಲಿಯ ಚಂದಯ್ಯ. ಕೆರೆಯಂಚಿನ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣ. ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗ ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳದೆ ಕೆಲಸ ಮುಂದುವರಿಸಿದ. ಲಿಂಗವೇ ಬೆನ್ನುಹತ್ತಿ ಬಂತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ ಮೇಲೆ ಲಿಂಗಕ್ಕೂ ಹಗ್ಗ ಮಾರುವ ಕೆಲಸ ಬಿತ್ತು. ಈ ಕಥೆಯನ್ನು ಲಿಂಗಕ್ಕಿಂತ ಕಾಯಕ ದೊಡ್ಡದು ಎಂಬುದಕ್ಕೆ ಸಾಕ್ಷಿಯಾಗಿ ಹೇಳುವುದು ವಾಡಿಕೆ. ಅಷ್ಟಕ್ಕೇ ನಿಲ್ಲಿಸಿದರೆ ಕಥೆಯ ಅರ್ಧ ಬಲ ಹೋಗುತ್ತದೆ ಎಂದು ನನಗನ್ನಿಸುತ್ತದೆ. ಚಂದಯ್ಯ ಕೊಯ್ದ ಹುಲ್ಲನ್ನು ದಂಡೆಯ ಮೇಲೆ ಕೊಳೆಯಲು ಬಿಟ್ಟು ಹೋಗುವವನಾಗಿದ್ದರೆ ಲಿಂಗವನ್ನು ಕಾಯಿಸುವ ಅವನ ನಡೆ ಬರೀ ಉದ್ಧಟತನವಾಗುತ್ತಿತ್ತು. ಆ ಹುಲ್ಲು ಹಗ್ಗವಾಗಬೇಕಿತ್ತು, ಹಗ್ಗ ಅನ್ನವಾಗಬೇಕಿತ್ತು, ಆ ಅನ್ನಕ್ಕೆ ಯಾರೋ ಕಾದಿದ್ದರು. ಕೊಯ್ಲಿಗೆ ಅಷ್ಟು ಅಧಿಕಾರ ಬಂದದ್ದು ಅದು ಕೊನೆಗೆ ಮುಟ್ಟುವ ಜಾಗದಿಂದ. ಕಾಯಕದ ಜೊತೆಗೆ ದಾಸೋಹವನ್ನು ಶರಣರು ಬಿಡದೆ ಸೇರಿಸಿ ಹೇಳಿದ್ದೂ ಇದಕ್ಕೇ ಇರಬೇಕು.

ಈಗ ಯಂತ್ರದ ಅಲಗನ್ನು ನೋಡಿ. ಮೇಲೆ ಕೂತು ಓಡಿಸುವ ಸಾಮಾನ್ಯ ಮೆಷಿನ್ನಿನ ಹೊಟ್ಟೆಯ ಕೆಳಗೆ ಉಕ್ಕಿನ ಪಟ್ಟಿಯೊಂದು ಅಡ್ಡಡ್ಡ ತಿರುಗುತ್ತದೆ. ಅದರ ತುದಿಯ ವೇಗ ಸೆಕೆಂಡಿಗೆ 80–90 ಮೀಟರಿನ ಆಸುಪಾಸು. ಹುಲ್ಲು ಆ ವೇಗದ ಹೊಡೆತಕ್ಕೇ ಕತ್ತರಿಸಿ ಪುಡಿಯಾಗುತ್ತದೆ. ವಾರಕ್ಕೊಮ್ಮೆ, ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯದೆ ಓಡಿಸಿದರೆ ಆ ಪುಡಿ ಅಲ್ಲೇ ಉದುರಿ ನೆಲಕ್ಕೆ ಗೊಬ್ಬರವಾಗುತ್ತದೆ. ಆಗ ಹುಲ್ಲು ಹೋಗುವ ಜಾಗ ಮಣ್ಣು, ಅದರಲ್ಲಿ ತಪ್ಪೇನಿಲ್ಲ. ಅದೇ ಮೆಷಿನ್ನನ್ನು ಮೊಣಕಾಲುದ್ದ ಬೆಳೆದ ಒರಟು ಹುಲ್ಲಿಗೆ ನುಗ್ಗಿಸಿದರೆ ಕಟ್ಟಿಕೊಳ್ಳುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಹೇಗೋ ಕತ್ತರಿಸಿದರೂ ಹೊರಬರುವ ಹಸಿ ತುಣುಕುಗಳ ಗುಡ್ಡೆ ಕೆಲವೇ ತಾಸಿನಲ್ಲಿ ಬಿಸಿಯೇರಿ ಕೆಡುತ್ತದೆ, ದನಕ್ಕೆ ಹಾಕುವಂತಿಲ್ಲ. ಒರಟು ಹುಲ್ಲಿಗೆಂದೇ ಇರುವ ಫ್ಲೇಲ್ ಮಾದರಿಯಲ್ಲಿ ಅಲಗುಗಳು ಜೋತುಬಿದ್ದು ತಿರುಗುತ್ತವೆ, ಕಲ್ಲು ತಾಗಿದರೆ ಹಿಂದೆ ಸರಿಯುತ್ತವೆ. ಗಟ್ಟಿ ಯಂತ್ರ ನಿಜ, ಅದೂ ಹುಲ್ಲನ್ನು ಜಜ್ಜಿಯೇ ಬಿಡುತ್ತದೆ. ಇದಕ್ಕೆ ಹೊರತಾದದ್ದು ಕಟರ್ ಬಾರ್: ತ್ರಿಕೋನದ ಹಲ್ಲುಗಳ ಸಾಲು ಕತ್ತರಿಯ ಹಾಗೆ ಅತ್ತಿತ್ತ ಆಡುತ್ತ ಬುಡದಲ್ಲಿ ಕೊಯ್ದು ದಂಟನ್ನು ಇಡಿಯಾಗಿ ಮಲಗಿಸುತ್ತದೆ. ಒಣಗಿಸಬಹುದು, ಹೊರೆ ಕಟ್ಟಬಹುದು, ಬಣವೆ ಒಟ್ಟಬಹುದು. ಕೆಲಸ ನಿಧಾನ, ಕಲ್ಲಿಗೆ ಹಲ್ಲು ಮುರಿಯುತ್ತದೆ, ನೋಡಲು ಅಷ್ಟು ಚೆಂದವೂ ಇಲ್ಲ. ಆದರೂ ಹುಲ್ಲನ್ನು ಹುಲ್ಲಾಗಿಯೇ ಉಳಿಸುವುದು ಇದೊಂದೇ. ಅಲಗನ್ನು ಆರಿಸಿದ ಗಳಿಗೆಯಲ್ಲೇ ಹುಲ್ಲು ಯಾರಿಗೆ ಎಂಬುದೂ ತೀರ್ಮಾನವಾಗಿಹೋಗಿರುತ್ತದೆ. ಈ ಸೀಮೆಯ ಭತ್ತದ ಗದ್ದೆಗಳು ಇದಕ್ಕೆ ದೊಡ್ಡ ಸಾಕ್ಷಿ: ಕೈಕೊಯ್ಲಿದ್ದಾಗ ಬಣವೆ ಸೇರುತ್ತಿದ್ದ ಹುಲ್ಲನ್ನು ಕಟಾವು ಮೆಷಿನ್ ಗದ್ದೆಯ ತುಂಬ ಚೆಲ್ಲಿ ಹೋಗುತ್ತದೆ, ಬಳಿಕ ಎಷ್ಟೋ ಕಡೆ ಅದಕ್ಕೆ ಬೆಂಕಿ ಬೀಳುತ್ತದೆ. ಹುಲ್ಲು ಸುಡಬೇಕೆಂದು ರೈತರು ಮೊದಲೇ ಕೂತು ನಿರ್ಧರಿಸಿದ್ದಲ್ಲ, ಯಂತ್ರದ ಬೆನ್ನಿಗೆ ಆ ನಿರ್ಧಾರ ತಾನಾಗಿ ಬಂತು.

ಕಾಯಕವೆಂದರೆ ಮೈಮುರಿದು ದುಡಿಯುವುದು, ಸೀಟಿನ ಮೇಲೆ ಕೂತು ಸ್ಟೀರಿಂಗ್ ತಿರುಗಿಸುವುದು ಕಾಯಕ ಹೇಗಾದೀತು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಇದೇ ನೆಲದಲ್ಲಿ ಉತ್ತರವಿದೆ. ಸುರಪುರ ಸೀಮೆಯದೇ ಆದ ಮುದನೂರಿನ ದಾಸಿಮಯ್ಯ ನೇಯುತ್ತಿದ್ದದ್ದು ಮಗ್ಗದಲ್ಲಿ, ಮಗ್ಗವೂ ಯಂತ್ರವೇ. ತಿಂಥಣಿಯ ಮೌನೇಶ್ವರರು ಬಂದದ್ದು ನೇಗಿಲು, ಕುಂಟೆ, ಕುಡುಗೋಲು ಮಾಡಿಕೊಡುವ ವಿಶ್ವಕರ್ಮರ ಪರಂಪರೆಯಿಂದ. ಹತಾರವನ್ನು ಪೂಜಿಸುವ ಪರಂಪರೆ ಹತಾರ ಸುಧಾರಿಸಿತೆಂದು ಸಿಟ್ಟಾಗಬೇಕಿಲ್ಲ, ಬಿಸಿಲಲ್ಲಿ ಬಗ್ಗಿ ಕೊಯ್ಯುವ ಹೆಂಗಸರ ಸೊಂಟನೋವಿನಲ್ಲಿ ಪುಣ್ಯವೇನೂ ಅಡಗಿಲ್ಲ. ಆದರೆ ಆಕ್ಷೇಪದ ಒಳಗೆ ಒಂದು ನಿಜವಿದೆ. ಕುಡುಗೋಲಿನವಳ ಎಡಗೈಯನ್ನು ಗಮನಿಸಿ: ಬಲಗೈ ಎಳೆದು ಕೊಯ್ಯುವ ಮುನ್ನವೇ ಎಡಗೈ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದಿರುತ್ತದೆ. ಕೊಯ್ದದ್ದೆಲ್ಲ ಮೊದಲು ಕೈಗೆ ಬರುತ್ತದೆ, ಕೈಗೆ ಬಂದದ್ದನ್ನು ಎಲ್ಲಿಡಲಿ ಎಂದು ಕೈಯೇ ಕೇಳುತ್ತದೆ. ಸೀಟಿನ ಮೇಲೆ ಕೂತವನ ಎರಡೂ ಕೈ ಸ್ಟೀರಿಂಗಿನ ಮೇಲಿರುತ್ತವೆ, ಹುಲ್ಲು ಅವನ ಕೈ ಮುಟ್ಟುವುದೇ ಇಲ್ಲ. ಹಾಗಾಗಿ ಯಂತ್ರ ತರುವವರು ಆ ಪ್ರಶ್ನೆಯನ್ನು ತಾವೇ ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಇನ್ನು ಹಿಂಸೆಯ ಮಾತು. ಜೈನರಿಗೆ ಹುಲ್ಲು ಒಂದು ಇಂದ್ರಿಯವುಳ್ಳ ಜೀವ; ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುವುದಕ್ಕೆ ಹಸುರನ್ನೂ ಅದರೊಳಗಿನ ಜೀವಗಳನ್ನೂ ತುಳಿಯಬಾರದೆಂಬ ಎಚ್ಚರವೇ ಕಾರಣ. ಬೌದ್ಧ ವಿನಯವೂ ಭಿಕ್ಷುಗಳಿಗೆ ಸಸ್ಯ ಕಡಿಯುವುದನ್ನು ನಿಷೇಧಿಸುತ್ತದೆ. ಇದನ್ನು ಅತಿಯೆಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಹುಲ್ಲಿನ ಬೆಳೆಯುವ ಭಾಗ ಇರುವುದು ಬುಡದಲ್ಲಿ. ತುದಿ ಹೋದರೂ ಅದು ಮತ್ತೆ ಚಿಗುರುತ್ತದೆ, ಮೇಯುವ ಪ್ರಾಣಿಗಳ ಜೊತೆಯಲ್ಲೇ ಬಾಳಿಬಂದ ಸಸ್ಯವದು. ಎರೆ ಹೊಲದಲ್ಲಿ ರೈತನಿಗೆ ಕಣ್ಣೀರು ಬರಿಸುವ ಕರಿಕೆ, ಗಣಪತಿಗೆ ಏರಿಸುವ ಗರಿಕೆ, ಎಷ್ಟೋ ಬಂಗಲೆಗಳ ಮುಂದಿನ ಹುಲ್ಲುಹಾಸು, ಮೂರರಲ್ಲೂ ಇರುವುದು ಒಂದೇ ಗಿಡ, ಮೂರರಲ್ಲೂ ಕೊಯ್ದಷ್ಟೂ ಬೆಳೆಯುತ್ತದೆ. ನಿಜವಾದ ಹಿಂಸೆ ಆಗುವುದು ಹುಲ್ಲೊಳಗೆ ಕೂತವರಿಗೆ. ಕಪ್ಪೆ, ಓತಿ, ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ, ಕವುಜುಗ. ಕುಡುಗೋಲಿನ ಕೈಗೆ ಗೂಡು ಕಾಣುತ್ತದೆ, ಮೆಷಿನ್ನಿನ ಸೀಟಿಗೆ ಕಾಣುವುದಿಲ್ಲ. ಅಂಚಿನಿಂದ ಸುತ್ತುಹಾಕುತ್ತ ಒಳಕ್ಕೆ ಬಂದರೆ ಅವೆಲ್ಲ ನಡುವಿನ ತುಣುಕಿಗೆ ಸೇರಿ ಕೊನೆಯ ಸುತ್ತಿಗೆ ಸಿಕ್ಕಿಬೀಳುತ್ತವೆ. ನಡುವಿನಿಂದ ಹೊರಕ್ಕೆ ಓಡಿಸಿದರೆ ತಪ್ಪಿಸಿಕೊಳ್ಳಲು ದಾರಿಯಿರುತ್ತದೆ. ಖರ್ಚಿಲ್ಲದ ಅಹಿಂಸೆ ಇದು, ಯಾವ ಮತದವರೂ ಪಾಲಿಸಬಹುದು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಬೇರೆಯಿದೆ: ಚೆಂದವೂ ಒಂದು ಉಪಯೋಗವಲ್ಲವೇ, ಎಲ್ಲ ಹುಲ್ಲೂ ಮೇವೇ ಆಗಬೇಕೇ? ಆಗಬೇಕಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಕೂತ ಸಂಸಾರಕ್ಕೆ ಆ ಹುಲ್ಲು ಸಂದಿದೆ. ಜಾತ್ರೆಗೆ ಬಂದವರು ಮಲಗುವ ಬಯಲೂ ಹಾಗೆಯೇ. ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು ನೆಟ್ಟ ಹಸುರಿಗೆ ಮಾತ್ರ ನನ್ನ ಬಳಿ ಸಮರ್ಥನೆಯಿಲ್ಲ. ಅಂಥ ಹಸುರಿನ ಚರಿತ್ರೆಯಲ್ಲಿ ಒಂದು ತಮಾಷೆಯೂ ಇದೆ. ಯಂತ್ರ ಬರುವ ಮುನ್ನ ಇಂಗ್ಲೆಂಡಿನ ಜಮೀನ್ದಾರರ ಹುಲ್ಲುಹಾಸನ್ನು ಗಿಡ್ಡವಾಗಿ ಇಡುತ್ತಿದ್ದದ್ದು ಉದ್ದ ಹಿಡಿಯ ಕುಡುಗೋಲು ಮತ್ತು ಕುರಿ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿದ, ಆ ಉಪಾಯ ಅವನಿಗೆ ಹೊಳೆದದ್ದು ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಜುಂಗನ್ನು ಸವರುವ ಯಂತ್ರದಿಂದ. ಕುರಿಯ ಉಣ್ಣೆಯ ದಾರಿಯಲ್ಲೇ ಬಂದ ಯಂತ್ರ ಕುರಿಯನ್ನು ಅಂಗಳದಾಚೆ ಅಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್ ಶ್ವೇತಭವನದ ಹುಲ್ಲಿಗೆ ಕುರಿ ಬಿಟ್ಟು, ಉಣ್ಣೆಯನ್ನು ಹರಾಜು ಹಾಕಿ ಹಣವನ್ನು ರೆಡ್ ಕ್ರಾಸಿಗೆ ಕೊಡಿಸಿದ್ದುಂಟು. ಹಿಂಡು ತಂದು ಹೊಲದಲ್ಲಿ ತರುಬಿ ಗೊಬ್ಬರ ಮಾಡಿಸಿಕೊಳ್ಳುವ ನಮ್ಮ ಕಡೆಯ ರೈತನಿಗೆ ಅದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಹಾಗೆಂದು ಎಲ್ಲಕ್ಕೂ ಕುರಿಯೇ ಮದ್ದು ಎನ್ನುವಂತಿಲ್ಲ. ಕಾಂಗ್ರೆಸ್ ಕಸವನ್ನು ಅವು ಮುಟ್ಟುವುದಿಲ್ಲ, ಅದಕ್ಕೆ ಅಲಗೇ ಬೇಕು. ಹೂ ಬಿಡುವ ಮುನ್ನ ಕತ್ತರಿಸಬೇಕು, ಬೀಜ ಕಟ್ಟಿದ ಮೇಲೆ ಓಡಿಸಿದ ಮೆಷಿನ್ ಅದನ್ನು ಬಿತ್ತುತ್ತ ಹೋಗುತ್ತದೆ.

ತಿಂಥಣಿಯ ಆಚೆ ದಂಡೆಯ ಲಿಂಗಸುಗೂರು ಸೀಮೆಯವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಇದ್ದಲ್ಲೇ ಸುರಿದು ಬರುವಂತೆ ಮರಳಿ ಕಳಿಸಿದಳು. ಈ ಕಥೆಯನ್ನು ಮೆಷಿನ್ ಆರಿಸುವಾಗಲೂ ನೆನೆಯಬಹುದು. 42 ಇಂಚಿನ ಅಲಗು ಗಂಟೆಗೆ ಐದು ಕಿಲೋಮೀಟರ್ ನಡಿಗೆಯಲ್ಲಿ, ತಿರುವು, ಮರುಗೆರೆಗಳನ್ನು ಕಳೆದು, ಒಂದು ಗಂಟೆಯಲ್ಲಿ ಒಂದು ಎಕರೆಯಷ್ಟನ್ನು ಮುಗಿಸುತ್ತದೆ. ಅರ್ಧ ಎಕರೆ ಅಂಗಳಕ್ಕೆ ಕೂತು ಓಡಿಸುವುದೇ ಅತಿ, ತಳ್ಳುವ ಮೆಷಿನ್ ಸಾಕು. ನದಿ ದಂಡೆಯ ಇಳಿಜಾರಿಗೆ ಸೀಟಿನ ಯಂತ್ರ ಇಳಿಸಲೇಬಾರದು. ಹದಿನೈದು ಡಿಗ್ರಿ ಮೀರಿದ ಇಳುಕಲಿನಲ್ಲಿ ಅದು ಮಗುಚುವ ಭಯವಿದೆ, ಎರೆ ಮಣ್ಣು ಹಸಿಯಿದ್ದರೆ ಅದಕ್ಕೂ ಮೊದಲೇ ಚಕ್ರ ಹೂತುಕೊಳ್ಳುತ್ತದೆ. ಅಲ್ಲಿ ಹೆಗಲಿಗೆ ಹಾಕುವ ಬ್ರಷ್ ಕಟರ್, ಇಲ್ಲವೇ ಕುಡುಗೋಲು. ಉಳಿದ ಒರಟು ಬಯಲಿಗೆ ಕಟರ್ ಬಾರ್ ತಂದು, ಮಳೆ ಹಿಂದೆ ಸರಿದು ನೆಲ ಬಿಗಿಯಾದ ಕಾರ್ತಿಕದಲ್ಲಿ, ಹುಲ್ಲಿನಲ್ಲಿ ಇನ್ನೂ ರಸವಿರುವಾಗಲೇ ಕೊಯ್ಯಬೇಕು. ಜಾತ್ರೆಗೆ ಬಯಲು ಚೊಕ್ಕವಾಗಲೆಂದು ಮಾಘದವರೆಗೆ ಕಾದರೆ ಸಿಗುವುದು ಬೆಂಕಿಗೆ ಹೇಳಿಮಾಡಿಸಿದ ಒಣ ಕಡ್ಡಿ. ಕಾರ್ತಿಕದ ಹೊರೆಗಳನ್ನು ಯಾರು ಒಯ್ಯಬೇಕು, ಊರಲ್ಲಿ ಒಂದೆರಡು ಎಮ್ಮೆ ಕಟ್ಟಿಕೊಂಡ ಮನೆಯವರೋ, ಸೇತುವೆಯಾಚೆಯ ಕುರಿಯವರೋ ಎಂಬುದನ್ನು ಮೆಷಿನ್ನಿಗೆ ಮುಂಗಡ ಕೊಡುವ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.