ಅರ್ಥವಿಲ್ಲದ ನುಡಿ ಪ್ರಾರ್ಥನೆಯಾದೀತೆ?

ಹೈದರಾಬಾದಿನ ಕನ್ನಡಿಗರಾದ ನಮಗೆ ಒಂದೇ ದಿನದಲ್ಲಿ ನಾಲ್ಕು ಭಾಷೆಗಳು ಬೇಕಾಗುತ್ತವೆ. ಮನೆಯಲ್ಲಿ ಕನ್ನಡ, ತರಕಾರಿಯವನೊಡನೆ ತೆಲುಗು, ಆಟೋದವನೊಡನೆ ದಖನಿ ಉರ್ದು, ಕಚೇರಿಯ ಕಡತದಲ್ಲಿ ಇಂಗ್ಲಿಷ್. ಒಬ್ಬನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬನಿಗೆ ಮುಟ್ಟಿಸುವುದೇ ಭಾಷೆಯ ಕೆಲಸವೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಊರಿನಲ್ಲಿ, ಭಾನುವಾರ ಬೆಳಿಗ್ಗೆ ಪೆಂಟೆಕೋಸ್ಟಲ್ ಸಭೆಯೊಂದರ ಮುಂದೆ ಹಾದುಹೋಗುವಾಗ, ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಐದನೆಯ ನುಡಿ ಕಿವಿಗೆ ಬೀಳುವುದುಂಟು. ತೆಲುಗು ಕ್ರೈಸ್ತರು ಅದನ್ನು ‘ಅನ್ಯಭಾಷಲು’ ಎನ್ನುತ್ತಾರೆ. ನಮ್ಮವರು ಅನ್ಯಭಾಷೆ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಅರ್ಥ ಕೇಳುವವರಿಗಿರಲಿ, ಆಡುವವರಿಗೂ ತಿಳಿಯದು. ಅಂಥ ನುಡಿ ಪ್ರಾರ್ಥನೆಯಾದೀತೆ? ಆದೀತೆಂದರೆ, ಪಕ್ಕದಲ್ಲಿ ನಿಂತವನು ಅದಕ್ಕೆ ಎಷ್ಟು ತಲೆಬಾಗಬೇಕು? ಪ್ರಶ್ನೆ ಕ್ರೈಸ್ತರದಾದರೂ ವಿಚಾರ ಎಲ್ಲರದು.

ಇದರ ಮೂಲ ಬೈಬಲಿನಲ್ಲೇ ಇದೆ. ಅಲ್ಲಿಯೂ ಒಂದೇ ಬಗೆಯಾಗಿಲ್ಲ. ‘ಅಪೊಸ್ತಲರ ಕೃತ್ಯಗಳು’ ಹೇಳುವಂತೆ, ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ಯೇಸುವಿನ ಶಿಷ್ಯರು ಮಾತನಾಡಿದಾಗ ನಾನಾ ದೇಶಗಳಿಂದ ಬಂದವರಿಗೆ ತಂತಮ್ಮ ತಾಯ್ನುಡಿಯೇ ಕೇಳಿಸಿತು. ಕೊರಿಂಥದ ಸಭೆಯಲ್ಲಾದರೋ ಯಾರಿಗೂ ತಿಳಿಯದ ನುಡಿ ಹೊರಟಿತು. ಅದಕ್ಕೆ ಅರ್ಥ ಹೇಳಲು ಇನ್ನೊಬ್ಬನು ಬೇಕಾಯಿತು. ಮೊದಲನೆಯದು ಭಾಷೆಯ ಗೋಡೆಯನ್ನು ಕೆಡವಿತು, ಎರಡನೆಯದು ಹೊಸ ಗೋಡೆಯನ್ನು ಎಬ್ಬಿಸಿತು. ಎರಡಕ್ಕೂ ಒಂದೇ ಹೆಸರು ಬಿದ್ದದ್ದು ಮುಂದಿನ ಗೊಂದಲಕ್ಕೆಲ್ಲ ಕಾರಣವಾಯಿತು.

ಇಂದಿನ ಪೆಂಟೆಕೋಸ್ಟಲ್ ಪಂಥಕ್ಕೆ 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ ವಿಲಿಯಂ ಸೆಮೂರ್ ನಡೆಸಿದ ಕೂಟಗಳಿಂದ ದೊಡ್ಡ ಚಾಲನೆ ದೊರೆಯಿತು. ನಮ್ಮ ದೇಶದಲ್ಲಿಯೂ ಅದೇ ಕಾಲಕ್ಕೆ ಇಂಥ ಘಟನೆ ನಡೆದಿತ್ತು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಬಳಿಯ ಕೇಡಗಾಂವದಲ್ಲಿ ಅನಾಥ ಸ್ತ್ರೀಯರಿಗಾಗಿ ‘ಮುಕ್ತಿ’ ಆಶ್ರಮವನ್ನು ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ಪ್ರಾರ್ಥನೆಯ ದೊಡ್ಡ ಅಲೆಯೊಂದು ಎದ್ದಿತು. ಒಂದೆರಡು ವರ್ಷಗಳಲ್ಲಿ ಅನ್ಯಭಾಷೆಯೂ ಕಾಣಿಸಿಕೊಂಡಿತು. ಇಂಗ್ಲಿಷ್ ಬಾರದ ಮರಾಠಿ ಹೆಂಗಸೊಬ್ಬಳು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದ್ದನ್ನು ತಾವೇ ಕೇಳಿದೆವೆಂದು ಆಲ್ಬರ್ಟ್ ನಾರ್ಟನ್ ಎಂಬ ಪಾದ್ರಿಗಳು ಬರೆದಿಟ್ಟಿದ್ದಾರೆ. ಇದು ಒಬ್ಬರ ಸಾಕ್ಷ್ಯ. ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು.

ಒಪ್ಪಿ ನಡೆದವರ ಪಾಡೂ ಚರಿತ್ರೆಯಲ್ಲಿದೆ. ಅಜುಸಾ ಬೀದಿಯಿಂದ ಹೊರಟ ಆಲ್ಫ್ರೆಡ್ ಗಾರ್ ದಂಪತಿಗಳು 1906-07ರ ಚಳಿಗಾಲದಲ್ಲಿ ಕಲಕತ್ತೆಗೆ ಬಂದಿಳಿದರು. ತಮಗೆ ಬಂಗಾಳಿ ಭಾಷೆಯ ವರ ದೊರೆತಿದೆಯೆಂದು ಗಾರ್ ನಂಬಿದ್ದರು. ಬಂಗಾಳಿಗಳಿಗೆ ಆ ಮಾತು ತಿಳಿಯಲಿಲ್ಲ. ಇದರ ಪಕ್ಕದಲ್ಲಿ ನಮ್ಮ ಕಿಟ್ಟೆಲರನ್ನು ನಿಲ್ಲಿಸಿ ನೋಡಬೇಕು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಆ ಜರ್ಮನರು ವರಕ್ಕಾಗಿ ಕಾಯಲಿಲ್ಲ. ಕನ್ನಡವನ್ನು ಅಕ್ಷರಾಭ್ಯಾಸದಿಂದ ಕಲಿತರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಇಬ್ಬರ ಭಕ್ತಿಯನ್ನೂ ನಾವು ಶಂಕಿಸುವುದಿಲ್ಲ. ಆದರೆ ಪರರ ಮನೆಯ ಬಾಗಿಲು ತೆರೆದದ್ದು ಯಾರಿಗೆ ಎಂಬುದು ಕಣ್ಣಮುಂದಿದೆ.

ವಿಜ್ಞಾನ ಏನು ಹೇಳುತ್ತದೆ? ಇಂಥ ನುಡಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದ ಭಾಷಾವಿಜ್ಞಾನಿ ವಿಲಿಯಂ ಸಮರಿನ್, 1972ರ ತಮ್ಮ ಗ್ರಂಥದಲ್ಲಿ, ಆಡುವವನಿಗೆ ಮೊದಲೇ ಬಲ್ಲ ಭಾಷೆಗಳ ಧ್ವನಿಗಳೇ ಅದರಲ್ಲಿ ಹೊಸದಾಗಿ ಜೋಡಣೆಗೊಂಡಿರುತ್ತವೆ, ಅದಕ್ಕೆ ಭಾಷೆಗಿರುವಂಥ ವ್ಯಾಕರಣವಿಲ್ಲ ಎಂದು ತೋರಿಸಿದರು. ಅಮೆರಿಕದ ಆಂಡ್ರ್ಯೂ ನ್ಯೂಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ಸ್ತ್ರೀಯರ ಮಿದುಳಿನ ರಕ್ತಸಂಚಾರವನ್ನು ಅಳೆಯಲಾಯಿತು. ಭಕ್ತಿಗೀತೆ ಹಾಡುವಾಗ ಇದ್ದುದಕ್ಕಿಂತ ಅನ್ಯಭಾಷೆ ಆಡುವಾಗ ಮಿದುಳಿನ ಮುಂಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಮಾತಿನ ಹಿಡಿತ ತಮ್ಮ ಕೈಯಲ್ಲಿರುವುದಿಲ್ಲವೆಂದು ಭಕ್ತರು ಹೇಳುವುದಕ್ಕೆ ಇದು ಹೊಂದುತ್ತದೆ. ಐವರಿಂದ ಹೆಚ್ಚೇನನ್ನೂ ಸಾಧಿಸಲಾಗದು. ಆದರೆ ಅವರೆಲ್ಲ ನಟಿಸುತ್ತಿದ್ದಾರೆಂದು ನಗುವವರು ಸ್ವಲ್ಪ ತಡೆಯಬೇಕಾಗುತ್ತದೆ.

ನಗುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಸಾಮಗಾನದಲ್ಲಿ ‘ಹಾಉ’, ‘ಹೋಯಿ’ ಎಂಬ ಸ್ತೋಭಗಳಿವೆ. ನಿಘಂಟಿನಲ್ಲಿ ಅರ್ಥ ಹುಡುಕಿದರೆ ಸಿಗದು. ಮಂತ್ರಗಳಿಗೇ ಅರ್ಥವಿಲ್ಲವೆಂದು ಕೌತ್ಸನೆಂಬವನು ವಾದಿಸಿದ್ದನ್ನೂ ಅದಕ್ಕೆ ತಾನಿತ್ತ ಉತ್ತರವನ್ನೂ ಯಾಸ್ಕನು ನಿರುಕ್ತದಲ್ಲಿ ಹೇಳಿದ್ದಾನೆ. ಗವಾಯಿಯ ಆಲಾಪಕ್ಕೆ ಯಾವ ಅರ್ಥ? ಮಗುವನ್ನು ತೂಗುವ ತಾಯಿಯ ‘ಜೋ ಜೋ’ಗೆ ಯಾವ ವ್ಯಾಕರಣ? ಹೃದಯ ತುಂಬಿ ಬಂದಾಗ ಪದಗಳು ಸಾಲದೆ ಹೋಗುತ್ತವೆ, ಬರಿಯ ದನಿ ಉಳಿಯುತ್ತದೆ. ಅದು ಮನುಷ್ಯಸ್ವಭಾವ. ಆ ದನಿಯನ್ನು ಒಬ್ಬನು ತನ್ನ ದೇವರ ಮುಂದೆ ಇಟ್ಟರೆ, ಅರ್ಥವೇನೆಂದು ಕೇಳುವ ಅಧಿಕಾರ ನಮಗಿಲ್ಲ.

ತೊಡಕು ಹುಟ್ಟುವುದು ಈ ದನಿಯನ್ನು ಮನುಷ್ಯರ ಅಳತೆಗೋಲು ಮಾಡಿದಾಗ. ಪೆಂಟೆಕೋಸ್ಟಲ್ ಸಭೆಗಳಲ್ಲಿ ಅನೇಕವು, ಪವಿತ್ರಾತ್ಮದ ದೀಕ್ಷೆ ಆಯಿತೆಂಬುದಕ್ಕೆ ಅನ್ಯಭಾಷೆಯೇ ಮೊದಲ ಗುರುತೆಂದು ಬೋಧಿಸುತ್ತವೆ. ನಮ್ಮೊಡನೆ ಕೆಲಸ ಮಾಡುತ್ತಿದ್ದ ತೆಲುಗಿನ ಮಹಿಳೆಯೊಬ್ಬರು ಅಂಥ ಸಭೆಗೆ ಹತ್ತು ವರ್ಷ ತಪ್ಪದೆ ನಡೆದುಕೊಂಡವರು. ನೆರೆಯವರ ಕಾಯಿಲೆ ಕಸಾಲೆಗೆ ಮೊದಲು ಓಡುತ್ತಿದ್ದವರು ಅವರೇ. ಅವರಿಗೆ ಆ ನುಡಿ ಬರಲೇ ಇಲ್ಲ. ಅಕ್ಕಪಕ್ಕದಲ್ಲಿ ನಿನ್ನೆ ಮೊನ್ನೆ ಸೇರಿದವರಿಗೆಲ್ಲ ಬಂದಿತು. ‘ದೇವರು ನನ್ನೊಬ್ಬಳನ್ನು ಬಿಟ್ಟುಬಿಟ್ಟನೇನೋ ಸಾರ್’ ಎಂದು ಒಮ್ಮೆ ಊಟದ ವಿರಾಮದಲ್ಲಿ ಕೇಳಿದರು. ಬರದಿದ್ದರೂ ಬಂದಂತೆ ನಾಲಗೆ ಹೊರಳಿಸಿಬಿಡೋಣವೆನಿಸುತ್ತದೆ ಎಂದೂ ಹೇಳಿದರು. ಸತ್ಯವಂತರನ್ನು ಸುಳ್ಳಿನ ಹೊಸ್ತಿಲಿಗೆ ತಂದು ನಿಲ್ಲಿಸುವ ಅಳತೆಗೋಲು ಅದೆಂಥದು?

ಈ ಪ್ರಶ್ನೆಗೆ ಉತ್ತರ ಕ್ರೈಸ್ತಧರ್ಮದ ಒಳಗೇ ಇದೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನು ಈ ನುಡಿಯನ್ನು ನಿಷೇಧಿಸಲಿಲ್ಲ. ತನಗೂ ಅದು ಉಂಟೆಂದ. ಆದರೆ ಎಲ್ಲರಿಗೂ ಒಂದೇ ವರವಿರದೆಂದ. ಸಭೆಯಲ್ಲಿ ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ಆಡಬಾರದು, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಬೇಕೆಂದ. ಈ ಎಲ್ಲಕ್ಕಿಂತ ಮೇಲೆ ಪ್ರೀತಿಯನ್ನಿಟ್ಟ. ಏಕಾಂತದಲ್ಲಿ ದೇವರಿಗೆ ಸಲ್ಲುವ ಮಾತು ಬೇರೆ, ಸಭೆಯಲ್ಲಿ ಮನುಷ್ಯರಿಗೆ ಸಲ್ಲಬೇಕಾದ ಮಾತು ಬೇರೆ ಎಂಬ ವಿವೇಕ ಇದರಲ್ಲಿದೆ.

ನಮ್ಮ ಊರಿನಲ್ಲಿಯೇ, ಗೋಲ್ಕೊಂಡ ಕ್ರಾಸ್ ರಸ್ತೆಯ ‘ಹೆಬ್ರೋನ್’ನಲ್ಲಿ, ಪಂಜಾಬಿನಿಂದ ಬಂದ ಭಕ್ತ ಸಿಂಗರು ಬಹುಕಾಲ ಬೋಧಿಸಿದರು, 2000ದಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಇಂಗ್ಲಿಷ್ ಮಾತನ್ನು ಪಕ್ಕದಲ್ಲಿ ನಿಂತವರು ತೆಲುಗಿಗೆ ತಿರುಗಿಸುತ್ತಿದ್ದರು. ಆ ಅನುವಾದಕನ ಕೆಲಸದಲ್ಲಿ ಬೆರಗೇನೂ ಇಲ್ಲ. ಹಿಂದಿನ ಸಾಲಿನ ಮುದುಕಿಗೂ ತಿಳಿಯಲಿ ಎಂಬ ಕಾಳಜಿ ಮಾತ್ರ ಇದೆ. ರಮಾಬಾಯಿಯವರನ್ನೇ ನೋಡಿ. ತಮ್ಮ ಆಶ್ರಮದಲ್ಲಿ ಅನ್ಯಭಾಷೆಯನ್ನು ಕಂಡ ಆ ಪಂಡಿತೆ, ಹೀಬ್ರೂ ಗ್ರೀಕ್ ಭಾಷೆಗಳನ್ನು ಕಷ್ಟಪಟ್ಟು ಕಲಿತು, 1922ರಲ್ಲಿ ತೀರಿಕೊಳ್ಳುವ ವೇಳೆಗೆ ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದಿದ್ದರು. ವರವನ್ನು ಅವರು ಅಲ್ಲಗಳೆಯಲಿಲ್ಲ. ವರ ಬಂದಿತೆಂದು ಶ್ರಮವನ್ನೂ ಬಿಡಲಿಲ್ಲ.

ದೇವರಿಗೆ ಯಾವ ನುಡಿಯಾದರೂ ತಿಳಿದೀತು. ಮನುಷ್ಯನಿಗೆ ಮಾತ್ರ ತಿಳಿಯುವಂತೆ ಹೇಳಬೇಕು.