ಗಾಳಿಯ ಋಣ

“ನಮಗೆ ಯಾರ ಹಂಗೂ ಬೇಡ.” ಈ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರುತ್ತೇನೆಂದು ಗೆಳೆಯರೊಬ್ಬರು ಬಂದರೆ, “ನಿಮಗೇಕೆ ಸುಮ್ಮನೆ ತೊಂದರೆ” ಎಂದು ಕಳುಹಿಸಿಬಿಡುತ್ತೇವೆ. ಮಗಳ ಮದುವೆಗೆ ನೆರೆಮನೆಯವರು ದುಡಿಯಲು ಬಂದರೆ ಸಂತೋಷಕ್ಕಿಂತ ಮೊದಲು ಲೆಕ್ಕ ನೆನಪಾಗುತ್ತದೆ: ಇವರಿಗೆ ಇದನ್ನು ತಿರುಗಿ ಕೊಡುವುದು ಹೇಗೆ? ಕೊಡಲಾಗದಿದ್ದರೆ ಇವರೆದುರು ತಲೆ ತಗ್ಗಿಸಬೇಕಲ್ಲ ಎಂಬ ಅಳುಕು. ಇದು ಸ್ವಾಭಿಮಾನವೋ ಅಹಂಕಾರವೋ? ತಿರುಗಿ ಕೊಡಲಾಗದ ಸಹಾಯವನ್ನು ಪಡೆಯುವುದು ತಪ್ಪೇ? ಈ ಪ್ರಶ್ನೆಯನ್ನು ಹಿಡಿದು ಇಂದು ನಿಮ್ಮನ್ನು ದೂರದ ಒಂದು ಸರೋವರದ ದಡಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ನಡೆಯುವುದು ಬರೀ ಒಂದು ಆಟ. ಆದರೆ ಆಟದಲ್ಲೂ ಮನುಷ್ಯನ ಮನಸ್ಸು ತೆರೆದು ಕಾಣುತ್ತದೆ.

ಇಟಲಿ ದೇಶದ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿ ಗಾರ್ಡಾ ಎಂಬ ಸರೋವರವಿದೆ. ಸುಮಾರು 370 ಚದರ ಕಿಲೋಮೀಟರ್ ವಿಸ್ತಾರದ ಇದು ಆ ದೇಶದ ಅತಿ ದೊಡ್ಡ ಸರೋವರ. ಉತ್ತರದ ತುದಿಯಲ್ಲಿ ಇದು ಎರಡೂ ಕಡೆಯ ಬೆಟ್ಟಗಳ ನಡುವೆ ಕಿರಿದಾಗುತ್ತದೆ. ಅಲ್ಲಿರುವುದು ತೊರ್ಬೊಲೆ ಎಂಬ ಪುಟ್ಟ ಊರು. ಹಾಯಿ ಹಿಡಿಯುವವರಿಗೆ ಅಲ್ಲಿ ಗಾಳಿಯೇ ಗಡಿಯಾರ. ರಾತ್ರಿ ತಣ್ಣಗಾದ ಗಾಳಿ ಬೆಟ್ಟಗಳಿಂದ ಇಳಿದು ಬೆಳಗಿನ ಹೊತ್ತು ಉತ್ತರದಿಂದ ಬೀಸುತ್ತದೆ. ಅದರ ಹೆಸರು ‘ಪೆಲೆರ್’. ಬಿಸಿಲೇರಿ ಬೆಟ್ಟದ ಮಗ್ಗುಲು ಕಾದಾಗ ಅಲ್ಲಿಯ ಗಾಳಿ ಮೇಲಕ್ಕೇಳುತ್ತದೆ. ಆ ಜಾಗ ತುಂಬಲು ಮಧ್ಯಾಹ್ನ ದಕ್ಷಿಣದ ಬಯಲಿನಿಂದ ಗಾಳಿ ಬರುತ್ತದೆ; ಅದು ‘ಓರಾ’. ಸಂಜೆಯಾಗುತ್ತಲೇ ಓರಾ ಅಡಗುತ್ತದೆ. ದಿನವೊಂದಕ್ಕೆ ಸಿಗುವುದು ಇಂಥ ಕೆಲವೇ ಗಂಟೆಗಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲಿ ಹಿಡಿದು ನೀರಿನ ಮೇಲೆ ಜಾರುವ ಆಟಕ್ಕೆ ವಿಂಡ್‌ಸರ್ಫಿಂಗ್ ಎನ್ನುತ್ತಾರೆ. 1984ರಿಂದ ಇದು ಒಲಿಂಪಿಕ್ಸ್‌ನಲ್ಲೂ ಇದೆ. ಇತ್ತೀಚಿನ ವರ್ಷಗಳಲ್ಲಿ ಈ ಹಲಗೆಗೆ ರೆಕ್ಕೆ ಬಂದಿದೆ! ಹಲಗೆಯ ಅಡಿಯಲ್ಲಿ ಒಂದು ಮೀಟರಿಗೆ ತುಸು ಕಡಿಮೆ ಉದ್ದದ ಒಂದು ಕಂಬ. ಅದರ ತುದಿಯಲ್ಲಿ ವಿಮಾನಕ್ಕಿರುವಂತೆ ಮುಂದೆ ದೊಡ್ಡ ರೆಕ್ಕೆ, ಹಿಂದೆ ಚಿಕ್ಕ ರೆಕ್ಕೆ. ಇದೇ ಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಇಷ್ಟು ಸಣ್ಣ ರೆಕ್ಕೆಯೇ ಒಬ್ಬ ಮನುಷ್ಯನನ್ನು ಹೊರಬಲ್ಲದು. ವೇಗ ಎರಡು ಪಟ್ಟಾದರೆ ಎತ್ತುವ ಶಕ್ತಿ ನಾಲ್ಕು ಪಟ್ಟು. ತಕ್ಕ ವೇಗ ಬಂದೊಡನೆ ಹಲಗೆ ನೀರನ್ನು ಬಿಟ್ಟು ಮೇಲೇಳುತ್ತದೆ, ಅಲೆಯ ಸದ್ದು ನಿಲ್ಲುತ್ತದೆ, ಆಟಗಾರ ಹಾರುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಈ ರೆಕ್ಕೆಯ ಹಲಗೆಗಳ ಸ್ಪರ್ಧೆ ಮಾರ್ಸೇಯ್ ಪಟ್ಟಣದ ಸಮುದ್ರದಲ್ಲಿ ನಡೆಯಿತು. ಮಹಿಳೆಯರ ಚಿನ್ನ ಇಟಲಿಯ ಮಾರ್ತಾ ಮಜ್ಜೆತ್ತಿಗೆ ದೊರೆಯಿತು.

ಈಗ ಒಂದು ಕ್ಷಣ ನೀವೇ ಆ ದಡದಲ್ಲಿದ್ದೀರಿ ಎಂದುಕೊಳ್ಳಿ. ನಿಮಗೆ ನಲವತ್ತೈದು ವರ್ಷ. ಕಚೇರಿಯಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ, ಮನೆಯಲ್ಲಿ ನಿಮ್ಮದೇ ಕೊನೆಯ ಮಾತು. ಇಲ್ಲಿ ಮಾತ್ರ ನೀವು ಏನೂ ಅರಿಯದ ಹೊಸಬರು. ತಲೆಗೆ ಹೆಲ್ಮೆಟ್, ಮೈಗೆ ದಪ್ಪನೆಯ ರಕ್ಷಾಕವಚ. ಗಾಳಿ ಹಾಯಿಗೆ ತುಂಬಿ ಹಲಗೆ ಮೇಲೇಳುತ್ತಲೇ ಎದೆ ಝಲ್ಲೆನ್ನುತ್ತದೆ. ಹೆದರಿದ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ತಪ್ಪಾಗುವುದೇ ಅಲ್ಲಿ! ಹಿಂದಕ್ಕೆ ವಾಲಿದಷ್ಟೂ ಹಲಗೆ ಇನ್ನೂ ಮೇಲಕ್ಕೇಳುತ್ತದೆ. ಕೊನೆಗೆ ರೆಕ್ಕೆ ನೀರಿನಿಂದ ಹೊರಬಂದು ಎತ್ತುವ ಶಕ್ತಿ ಒಮ್ಮೆಲೇ ಇಲ್ಲವಾಗುತ್ತದೆ. ಹಲಗೆಯ ಮೂತಿ ನೀರಿಗೆ ಬಡಿಯುತ್ತದೆ, ನೀವು ಹಾರಿ ಬೀಳುತ್ತೀರಿ. ಮುಂಗಾಲಿನ ಮೇಲೆ ಭಾರ ಹಾಕಿ, ಕಾಲ ಕಡೆ ನೋಡದೆ ದೂರಕ್ಕೆ ದೃಷ್ಟಿ ಇಡಬೇಕು ಎಂದು ಹೇಳಿಕೊಟ್ಟಿರುತ್ತಾರೆ. ತಲೆಗೆ ಅರ್ಥವಾಗಿದೆ, ಮೈಗೆ ಅರ್ಥವಾಗಿಲ್ಲ. ಮತ್ತೆ ಹತ್ತುತ್ತೀರಿ, ಮತ್ತೆ ಬೀಳುತ್ತೀರಿ. ಇಪ್ಪತ್ತು ಸಲ, ಮೂವತ್ತು ಸಲ. ಹದಿನಾರರ ಹುಡುಗಿಯೊಬ್ಬಳು ನಿಮ್ಮ ಪಕ್ಕದಲ್ಲೇ ಹಕ್ಕಿಯಂತೆ ಹಾರಿ ಹೋಗುತ್ತಾಳೆ.

ಆಗ ಹಳಬರೊಬ್ಬರು ತಮ್ಮ ಹಾಯಿ ಇಳಿಸಿ ನಿಮ್ಮ ಬಳಿಗೆ ಬರುತ್ತಾರೆ. ನಿಮ್ಮ ಹಲಗೆ ಸರಿಪಡಿಸುತ್ತಾರೆ, ಕಾಲಿಡುವ ಜಾಗ ತೋರಿಸುತ್ತಾರೆ, “ಮೊದಲು ಹಾರಬೇಡಿ, ಸುಮ್ಮನೆ ಜಾರಿ, ಆಮೇಲೆ ಒಂದು ಗೇಣು ಮಾತ್ರ ಏಳಿ” ಎನ್ನುತ್ತಾರೆ. ನೀವು ಬಿದ್ದಾಗ ನಗುವುದಿಲ್ಲ. ಹಣ ಪಡೆದು ಕಲಿಸುವ ಶಾಲೆಗಳು ಗಾರ್ಡಾ ದಡದಲ್ಲೂ ಇವೆ, ಬೇರೆಡೆಯೂ ಇವೆ. ಅಲ್ಲಿ ಶುಲ್ಕ ಕಟ್ಟಿದರೆ ಲೆಕ್ಕ ಚುಕ್ತಾ. ಆದರೆ ಊರೂರಿನ ಸರೋವರಗಳ ದಡದಲ್ಲಿ ಗೆಳೆಯರ ಬಳಗಗಳೂ ಇರುತ್ತವೆ. ಅಲ್ಲಿ ಹಳಬರು ಹೊಸಬರಿಗೆ ಕಲಿಸುವುದು ಪ್ರೀತಿಯಿಂದ.

ಅವರು ನಿಮಗೆ ಕೊಟ್ಟದ್ದೇನು? ಬುದ್ಧಿಮಾತು ಎನ್ನಬಹುದು, ಸಮಯ ಎನ್ನಬಹುದು. ಅದಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ. ಅವರು ಕೊಟ್ಟದ್ದು ತಮ್ಮ ಗಾಳಿಯನ್ನು! ‘ಗಾಳಿ ಬಂದಾಗ ತೂರಿಕೋ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಣದಲ್ಲಿ ರಾಶಿ ಹಾಕಿ ಗಾಳಿಗಾಗಿ ಕಾದ ರೈತನಿಗೆ ಆ ಮಾತಿನ ತೂಕ ಗೊತ್ತು. ಗಾಳಿಯನ್ನು ಕಣಜದಲ್ಲಿ ತುಂಬಿಡಲಾಗದು. ವಾರವಿಡೀ ದುಡಿದು, ರಜೆಯ ಒಂದು ದಿನ ಬಂದು, ಓರಾ ಬೀಸುವ ಆ ಕೆಲವೇ ಗಂಟೆಗಳಲ್ಲಿ ಒಂದು ಗಂಟೆಯನ್ನು ತೂರಿಕೊಳ್ಳದೆ ನಿಮಗೆ ಬಿಟ್ಟುಕೊಟ್ಟಿದ್ದಾರೆ. ಆ ಗಂಟೆ ಅವರಿಗೆ ಮತ್ತೆ ಬರುವುದಿಲ್ಲ.

ಇದನ್ನು ನೀವು ತೀರಿಸುವುದು ಹೇಗೆ? ಹಾರುವುದನ್ನು ಅವರಿಗೆ ಕಲಿಸಲು ಆದೀತೇ? ಅವರು ಆಗಲೇ ಹಾರಬಲ್ಲರು. ಹಣ ಕೊಡಹೋದರೆ ಅವರಿಗೆ ನೋವಾಗುತ್ತದೆ. ನಿಮ್ಮ ಮುಂದೆ ಎರಡೇ ದಾರಿ. ನಾಚಿಕೆಪಟ್ಟು, “ಸಾಕು, ನಾನೇ ನೋಡಿಕೊಳ್ಳುತ್ತೇನೆ” ಎಂದು ದೂರ ಸರಿಯುವುದು ಒಂದು. ಎರಡನೆಯದು, ಆ ಕೈಯನ್ನು ಹಿಡಿದು, ಕಲಿತು, ಮುಂದಿನ ವರ್ಷ ಇನ್ನೊಬ್ಬ ಹೊಸಬ ಬೀಳುವಾಗ ನಿಮ್ಮ ಹಾಯಿ ಇಳಿಸುವುದು.

ಈ ರೆಕ್ಕೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಟಲಿಯ ಇನ್ನೊಂದು ಸರೋವರ ಮಜ್ಜೋರೆ. 1906ರಲ್ಲಿ ಎನ್ರಿಕೊ ಫೊರ್ಲಾನಿನಿ ಎಂಬ ಇಂಜಿನಿಯರ್ ಅಲ್ಲಿ ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಓಡುವ ದೋಣಿಯನ್ನು ನಡೆಸಿ ತೋರಿಸಿದರು. 1911ರಲ್ಲಿ ಅದನ್ನು ನೋಡಲು ಬಂದವರು ಯಾರು ಗೊತ್ತೇ? ಟೆಲಿಫೋನಿನಿಂದ ಜಗತ್ತಿಗೆಲ್ಲ ಪರಿಚಿತರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್. ಆಗ ಅವರಿಗೆ 64 ವರ್ಷ. ಅಷ್ಟು ಹೆಸರು ಮಾಡಿದ ಮನುಷ್ಯ ಬೇರೊಬ್ಬರ ಸರೋವರದಲ್ಲಿ, ಬೇರೊಬ್ಬರ ದೋಣಿಯಲ್ಲಿ ಪ್ರಯಾಣಿಕರಾಗಿ ಕುಳಿತರು. “ಇದರಲ್ಲೇನಿದೆ, ನನಗೂ ಗೊತ್ತು” ಎನ್ನಲಿಲ್ಲ. ಊರಿಗೆ ಮರಳಿ ತಮ್ಮ ಜೊತೆಗಾರ ಕೇಸಿ ಬಾಲ್ಡ್ವಿನ್‌ರೊಡನೆ ವರ್ಷಗಟ್ಟಲೆ ದುಡಿದರು. 1919ರ ಸೆಪ್ಟೆಂಬರ್ 9ರಂದು ಕೆನಡಾದ ಬ್ರಾಡೋರ್ ಸರೋವರದಲ್ಲಿ ಅವರ ರೆಕ್ಕೆಯ ದೋಣಿ ಗಂಟೆಗೆ ಸುಮಾರು 114 ಕಿಲೋಮೀಟರ್ ಓಡಿ, ನೀರಿನ ಮೇಲಿನ ವೇಗದಲ್ಲಿ ಅಂದಿನ ವಿಶ್ವದಾಖಲೆ ಮಾಡಿತು. ಒಂದು ಸರೋವರದಲ್ಲಿ ಪಡೆದದ್ದು ಇನ್ನೊಂದು ಸರೋವರದಲ್ಲಿ ಫಲ ಕೊಟ್ಟಿತು.

“ಇದೆಲ್ಲ ದುಡ್ಡಿದ್ದವರ ಆಟ, ನಮಗೇಕೆ?” ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಈ ಹಲಗೆ, ಹಾಯಿ, ರೆಕ್ಕೆಗಳು ಅಗ್ಗದವಲ್ಲ. ದಿನಗೂಲಿಯಲ್ಲಿ ಸಂಸಾರ ತೂಗಿಸುವವರಿಗೆ ಇವು ಕನಸೂ ಅಲ್ಲ. ಆದರೆ ನಾನು ಹೇಳಹೊರಟಿರುವುದು ಹಲಗೆಯ ವಿಷಯವನ್ನಲ್ಲ. ಹೊಲಿಗೆ ಕಲಿಯುವ ಹೆಣ್ಣುಮಗಳು, ನಲವತ್ತರಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಗುಮಾಸ್ತ, ಹೆಂಡತಿಯ ಕಾಯಿಲೆಯ ನಂತರ ಮೊದಲ ಬಾರಿ ಒಲೆ ಹಚ್ಚಿದ ಗಂಡ, ಇವರೆಲ್ಲರೂ ಬೀಳುತ್ತಾರೆ. ಇವರೆಲ್ಲರ ಬಳಿಗೂ ಯಾರೋ ಒಬ್ಬರು ತಮ್ಮ ಗಾಳಿಯನ್ನು ಬಿಟ್ಟು ಬರುತ್ತಾರೆ.

ಹಂಗು ಬೇರೆ, ಋಣ ಬೇರೆ. ಕೊಟ್ಟವನು ಕೊಟ್ಟದ್ದನ್ನು ಎತ್ತಿ ಆಡಿದರೆ, ಪಡೆದವನು ಅವನ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾದರೆ ಅದು ಹಂಗು. ಅದನ್ನು ಬೇಡವೆನ್ನುವುದು ತಪ್ಪಲ್ಲ. ಋಣ ಹಾಗಲ್ಲ. ಅದನ್ನು ಕೊಟ್ಟವರಿಗೇ ತಿರುಗಿಸಬೇಕೆಂದಿಲ್ಲ. ತಾಯಿಯ ಋಣವನ್ನು ತಾಯಿಗೆ ತೀರಿಸಿದವರು ಯಾರಿದ್ದಾರೆ? ಅದನ್ನು ನಾವು ತೀರಿಸುವುದು ನಮ್ಮ ಮಕ್ಕಳಿಗೆ. ನೆರಳು ಕೊಡುವ ಮರ ನೆಟ್ಟವರ ಮುಖವನ್ನೂ ನಾವು ನೋಡಿಲ್ಲ. ನಾವೂ ಒಂದು ಸಸಿ ನೆಟ್ಟರಾಯಿತು. ಎಲ್ಲ ಸಹಾಯವನ್ನೂ ಹಂಗೆಂದು ಭಾವಿಸಿ ದೂರ ತಳ್ಳುವವನು ಸ್ವಾಭಿಮಾನಿಯಂತೆ ಕಾಣಬಹುದು. ಆದರೆ ಹರಿದು ಬರುತ್ತಿದ್ದ ಕಾಲುವೆಗೆ ಅವನು ತನ್ನ ಗದ್ದೆಯ ಬದುವಿನಲ್ಲೇ ಅಡ್ಡಕಟ್ಟೆ ಹಾಕಿದ್ದಾನೆ. ತನಗೂ ನೀರಿಲ್ಲ, ಮುಂದಿನವನಿಗೂ ನೀರಿಲ್ಲ.

ಗಲಿಲೇಯ ಸರೋವರದಲ್ಲಿ ದೋಣಿಯಿಂದಿಳಿದು ನೀರಿನ ಮೇಲೆ ಕಾಲಿಟ್ಟ ಬೆಸ್ತ ಪೇತ್ರನನ್ನು ನಾವು ಬಲ್ಲೆವು. ಗಾಳಿಯನ್ನು ಕಂಡು ಹೆದರಿ ಮುಳುಗತೊಡಗಿದಾಗ ಅವನು ಎಲ್ಲರೆದುರಿಗೆ ಕೂಗಿಕೊಂಡ. ಚಾಚಿದ ಕೈಗೆ ತನ್ನನ್ನು ಒಪ್ಪಿಸಿದ. ನೀರಿನ ಮಗನಾಗಿ ಹುಟ್ಟಿ ಬೆಳೆದವನು ಹಾಗೆ ಕೂಗಲು ನಾಚಲಿಲ್ಲ. ಮುಂದೆ ಎಷ್ಟೋ ಜನರಿಗೆ ಕೈಚಾಚಿದವನೂ ಅವನೇ.

ಇನ್ನು ನಮ್ಮ ಮನೆಗಳ ಕಡೆ ನೋಡೋಣ. ನಮ್ಮ ಮಕ್ಕಳು ನಮ್ಮನ್ನು ಸದಾ ಎಲ್ಲ ತಿಳಿದವರಾಗಿಯೇ ನೋಡುತ್ತಾರೆ. ಅಪ್ಪ ತಪ್ಪು ಮಾಡಿ ಕಲಿತದ್ದನ್ನು, ಅಮ್ಮ “ನನಗೆ ಬರುವುದಿಲ್ಲ, ಹೇಳಿಕೊಡಿ” ಎಂದು ಕೇಳಿದ್ದನ್ನು ಅವರು ಕಂಡದ್ದು ಕಡಿಮೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ ಮಗು ಅದನ್ನು ಬಚ್ಚಿಟ್ಟುಕೊಂಡರೆ ಆಶ್ಚರ್ಯವೇನು? ಬೀಳುವುದು ಅವಮಾನ, ಕೈಚಾಚುವುದು ಅದಕ್ಕಿಂತ ದೊಡ್ಡ ಅವಮಾನ ಎಂಬ ಪಾಠವನ್ನು ನಾವೇ ಬಾಯಿಬಿಡದೆ ಕಲಿಸಿದ್ದೇವೆ. ಕೆಲವು ಮಕ್ಕಳು ಆ ಅವಮಾನಕ್ಕೆ ಹೆದರಿ ತಮ್ಮ ಜೀವಕ್ಕೇ ಎರವಾಗುವುದನ್ನು ಪತ್ರಿಕೆಗಳಲ್ಲಿ ಓದಿ ಮರುಗುತ್ತೇವೆ. ಆ ಮಗುವಿನ ಬಳಿ ನೀರಿಗಿಳಿದು ನಿಲ್ಲುವವರು ಯಾರಾದರೂ ಇದ್ದರೇ? ಇದ್ದರೂ, ಕೈ ಹಿಡಿಯಬಹುದೆಂದು ಅದಕ್ಕೆ ಯಾರಾದರೂ ತೋರಿಸಿಕೊಟ್ಟಿದ್ದರೇ?

ಆದ್ದರಿಂದ, ಪ್ರಿಯ ಓದುಗರೇ, ಈ ವಾರ ಎರಡು ಸಣ್ಣ ಕೆಲಸ ಮಾಡೋಣ. ನಿಮಗೆ ಬಾರದ ಒಂದನ್ನು ನಿಮ್ಮ ಮಗನನ್ನೋ ಮಗಳನ್ನೋ ಕೇಳಿ ಕಲಿಯಿರಿ. ನಾಲ್ಕು ಸಲ ತಪ್ಪಿ, ಅವರು ನಕ್ಕರೆ ನೀವೂ ನಗಿರಿ. ಆಮೇಲೆ, ನಿಮಗೆ ಬಹಳ ಹಿಂದೆ ಕಲಿಸಿದವರೊಬ್ಬರನ್ನು ನೆನೆಯಿರಿ. ಸೈಕಲ್ಲಿನ ಹಿಂದೆ ಓಡಿ ಬಂದ ಅಣ್ಣನಿರಬಹುದು, ಮೊದಲ ನೌಕರಿಯಲ್ಲಿ ಕಡತ ಬರೆಯಲು ತೋರಿಸಿದ ಹಿರಿಯರಿರಬಹುದು. ಅವರು ಬಿಟ್ಟುಕೊಟ್ಟ ಗಾಳಿ ಈಗ ನಿಮ್ಮ ಹಾಯಿಯಲ್ಲಿದೆ. ನಿಮ್ಮ ಪಕ್ಕದಲ್ಲಿ ಬೀಳುತ್ತಿರುವವರು ಯಾರು, ಸ್ವಲ್ಪ ತಿರುಗಿ ನೋಡಿ.