ಅಸ್ತ್ರ ತಯಾರಿಕೆ ಮತ್ತು ಅಹಿಂಸೆಯ ಅಳತೆ

ಭಾರತದ ಕ್ಷಿಪಣಿಗಳ ತವರು ಹೈದರಾಬಾದ್. ನಗರದ ಕಂಚನ್‌ಬಾಗ್ ಪ್ರದೇಶದಲ್ಲಿ ರಕ್ಷಣಾ ಪ್ರಯೋಗಾಲಯಗಳಿವೆ. 1970ರಲ್ಲಿ ಸ್ಥಾಪನೆಯಾದ ಭಾರತ್ ಡೈನಮಿಕ್ಸ್ ಮತ್ತು 1973ರ ಮಿಶ್ರ ಧಾತು ನಿಗಮ ಅಲ್ಲಿಯೇ ಬೆಳೆದವು. 1983ರಲ್ಲಿ ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯಿಂದ ಪೃಥ್ವಿ, ಅಗ್ನಿ, ಆಕಾಶ್, ನಾಗ್ ಕ್ಷಿಪಣಿಗಳು ರೂಪುಗೊಂಡವು. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ನಾಡು ಇಂಥ ಅಸ್ತ್ರಗಳನ್ನು ಮಾಡಬಹುದೇ, ಮಾಡಿದರೆ ಯಾವ ಮಿತಿಯಲ್ಲಿ ಎಂಬ ಪ್ರಶ್ನೆ ಇದರೊಂದಿಗೇ ಹುಟ್ಟುತ್ತದೆ.

ಈ ಪ್ರಶ್ನೆಯನ್ನು ಅತಿ ಸೂಕ್ಷ್ಮವಾಗಿ ವಿಚಾರಿಸಿದವರು ಜೈನರು. ಅವರ ಆಚಾರಶಾಸ್ತ್ರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ, ಮನೆವಾರ್ತೆಯ ಆರಂಭೀ, ಕಸುಬಿನಿಂದ ಬರುವ ಉದ್ಯೋಗೀ, ಆಕ್ರಮಣವನ್ನು ತಡೆಯುವಾಗಿನ ವಿರೋಧೀ. ಮುನಿ ನಾಲ್ಕನ್ನೂ ಬಿಡಬೇಕು. ಗೃಹಸ್ಥ ಮೊದಲನೆಯದನ್ನು ಪೂರ್ಣವಾಗಿ ತೊರೆದು ಉಳಿದವನ್ನು ಕಡಿಮೆ ಮಾಡಿಕೊಳ್ಳಬೇಕು. ಜೈನನಾಗಿದ್ದ ಗಂಗರ ದಂಡನಾಯಕ ಚಾವುಂಡರಾಯ ಯುದ್ಧಗಳನ್ನೂ ಮಾಡಿದ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನೂ ನಿಲ್ಲಿಸಿದ. ಈ ವಿಂಗಡಣೆಯಂತೆ ದೇಶರಕ್ಷಣೆಯ ಸಿದ್ಧತೆ ಅಧರ್ಮವಲ್ಲ.

ಆದರೆ ಅದೇ ಶಾಸ್ತ್ರ ಇನ್ನೊಂದು ಗೆರೆಯನ್ನೂ ಎಳೆಯುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳಲ್ಲಿ ಹಿಂಸಾದಾನವನ್ನು, ಎಂದರೆ ಕತ್ತಿ, ಕೊಡಲಿಯಂಥ ಕೊಲ್ಲುವ ಸಾಧನಗಳನ್ನು ಪರರ ಕೈಗೆ ಕೊಡುವುದನ್ನು, ಎಣಿಸುತ್ತದೆ. ತನ್ನ ರಕ್ಷಣೆಗೆ ಅಸ್ತ್ರ ಹಿಡಿಯುವುದು ಬೇರೆ, ಅದು ಯಾರ ಮೇಲೆ ಎರಗುತ್ತದೆಂದು ನೋಡದೆ ಒದಗಿಸುವುದು ಬೇರೆ.

ಅಸ್ತ್ರ ಹಿಡಿದವನ ಮನಸ್ಸೂ ಮುಖ್ಯ. ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಆಳಿದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪ, ತಾನೂ ಯೋಧನಾಗಿದ್ದವನು, 941ರಲ್ಲಿ ಆದಿಪುರಾಣ ರಚಿಸಿದ. ಅದರಲ್ಲಿ ಭರತ ಬಾಹುಬಲಿಯರ ಸೇನೆಗಳು ಸಾಯಬಾರದೆಂದು ಮಂತ್ರಿಗಳು ದೃಷ್ಟಿ, ಜಲ, ಮಲ್ಲ ಯುದ್ಧಗಳನ್ನಷ್ಟೇ ನಿಗದಿ ಮಾಡುತ್ತಾರೆ. ಸೋತ ಭರತ ಆ ಕಟ್ಟನ್ನು ಮುರಿದು ತಮ್ಮನ ಮೇಲೆ ಚಕ್ರರತ್ನ ಬಿಡುತ್ತಾನೆ. ಕಟ್ಟು ಹಾಕಿದವರು ಮಂತ್ರಿಗಳು, ಮುರಿದದ್ದು ಸೋಲಿನ ಅವಮಾನ.

ಇಂದು ಆ ಕಟ್ಟು ಹಾಕಬೇಕಾದವರು ಸಂಸದರು. 2025–26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ, ಅದರಲ್ಲಿ 1.80 ಲಕ್ಷ ಕೋಟಿ ಬಂಡವಾಳ ವೆಚ್ಚ, ಪಿಂಚಣಿಗೆ ಸುಮಾರು 1.61 ಲಕ್ಷ ಕೋಟಿ. ಈ ಹಂಚಿಕೆಗೆ ಲೋಕಸಭೆಯ ಒಪ್ಪಿಗೆ ಬೇಕು, ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸುತ್ತದೆ. 2024–25ರಲ್ಲಿ 23,622 ಕೋಟಿ ರೂಪಾಯಿ ಮುಟ್ಟಿದ ರಕ್ಷಣಾ ರಫ್ತಿಗೆ ಮಾತ್ರ ಅನುಮತಿ ಕೊಡುವುದು ಕಾರ್ಯಾಂಗ. ಅಮೆರಿಕದಲ್ಲಿ 1976ರ ಕಾಯ್ದೆಯಂತೆ ದೊಡ್ಡ ಮಾರಾಟಗಳನ್ನು ಮುಂಚಿತವಾಗಿ ಕಾಂಗ್ರೆಸ್ಸಿಗೆ ತಿಳಿಸಬೇಕು.

ಸ್ವಯಂಚಾಲಿತ ಅಸ್ತ್ರಗಳು ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತವೆ. ತತ್ತ್ವಾರ್ಥಸೂತ್ರ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಾಣುತ್ತದೆ. ಗುರಿ ಆರಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟವರು ಎಚ್ಚರವನ್ನೇ ಕೈಬಿಟ್ಟಂತಾಗುತ್ತದೆ. ಪಾಪದ ಹೊಣೆ ಯಂತ್ರಕ್ಕೆ ತಗಲದು.

ಆದ್ದರಿಂದ ಆಧುನೀಕರಣಕ್ಕೆ ಧರ್ಮದ ವಿರೋಧವಿಲ್ಲ. ಅಸ್ತ್ರ ಕೊಳ್ಳುವ ಹಣಕ್ಕೆ ಒಪ್ಪಿಗೆ ಕೊಡುವ ಸಂಸತ್ತು, ಅದನ್ನು ಯಾರಿಗೆ ಮಾರಬೇಕು, ಯಾರ ಆಜ್ಞೆಯಿಂದ ಹಾರಿಸಬೇಕು ಎಂಬುದನ್ನೂ ಕಾನೂನಿನಲ್ಲಿ ಬರೆದಿಡಬೇಕು.